ಟ್ರೆಡಲ್ ಮಷೀನಿಗೆ ನಾಲ್ಕು ಸೂತಿನ ಬೋಲ್ಟ್: ಸಣ್ಣ ಲೇಥ್‌ನಲ್ಲಿ ಥ್ರೆಡ್ ಹಾಕುವ ಬಗೆ

ಬೆಟಗೇರಿಯ ನಮ್ಮ ಮುದ್ರಣಾಲಯದಲ್ಲಿ ಈಗ ಮೊಳೆ ಜೋಡಿಸುವವರು ಯಾರೂ ಇಲ್ಲ. ಆದರೆ ಅಪ್ಪ ಕೊಂಡ ಟ್ರೆಡಲ್ ಮಷೀನ್ ಇನ್ನೂ ದುಡಿಯುತ್ತಿದೆ. ಬಿಲ್ ಪುಸ್ತಕಗಳಿಗೆ ನಂಬರ್ ಹಾಕಲು, ರಸೀದಿಗಳಿಗೆ ತೂತಿನ ಸಾಲು ಹೊಡೆಯಲು, ಲಗ್ನಪತ್ರಿಕೆಗಳಿಗೆ ಮಡಿಕೆಯ ಗೆರೆ ಒತ್ತಲು ಅದಕ್ಕಿಂತ ನಂಬಿಕಸ್ಥ ಯಂತ್ರ ನನಗೆ ಸಿಕ್ಕಿಲ್ಲ. ಅದರ ಪ್ಲಾಟನ್, ಅಂದರೆ ಹಾಳೆಯನ್ನು ಅಚ್ಚಿಗೆ ಒತ್ತುವ ಹಲಗೆಯ ಹಿಂದೆ ಒತ್ತಡ ಹೊಂದಿಸುವ ನಾಲ್ಕು ಬೋಲ್ಟ್‌ಗಳಿವೆ. ಆರು ವರ್ಷಗಳ ಹಿಂದೆ ಅವುಗಳಲ್ಲಿ ಒಂದರ ಥ್ರೆಡ್ ಸವೆದು, ಎಷ್ಟು ಬಿಗಿ ಮಾಡಿದರೂ ಹಾಳೆಯ ಒಂದು ಮೂಲೆಯಲ್ಲಿ ಅಂಕಿಗಳು ಮಸುಕಾಗಿ ಬೀಳತೊಡಗಿದವು. ರಿಪೇರಿಗೆ ಬಂದವರು ಅಂಗಡಿಯಿಂದ ನಾಲ್ಕು ಸೂತಿನ, ಅಂದರೆ ಅರ್ಧ ಇಂಚಿನ, ಹೊಸ ಬೋಲ್ಟ್ ತಂದರು. ಎರಡು ಸುತ್ತು ಸಲೀಸಾಗಿ ಹೋಯಿತು, ಮೂರನೆಯದಕ್ಕೆ ಹಿಡಿಯಿತು. ಅವರು ಪಾನಾಕ್ಕೆ ಪೈಪ್ ಸಿಕ್ಕಿಸಿ ತಿರುಗಿಸಿದರು. ಬೀಡು ಕಬ್ಬಿಣದ ಒಳಗಿದ್ದ ಥ್ರೆಡ್‌ನ ಮೊದಲ ಮೂರು ಸುತ್ತು ಪುಡಿಯಾಗಿ ನೆಲಕ್ಕೆ ಉದುರಿತು. ಆ ಕಪ್ಪು ಪುಡಿಯನ್ನು ಗುಡಿಸುವಾಗ ನನಗಾದ ಸಂಕಟ ಇಂದಿಗೂ ನೆನಪಿದೆ.

ನಮ್ಮ ಕಾಕಾ ಹುಬ್ಬಳ್ಳಿಯ ಕೇಶ್ವಾಪುರದಲ್ಲಿದ್ದಾರೆ. ರೈಲ್ವೆ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿ ದುಡಿದು ನಿವೃತ್ತರಾದವರು. ಎರಡೂ ಬೋಲ್ಟ್‌ಗಳನ್ನು ಕೈಚೀಲಕ್ಕೆ ಹಾಕಿಕೊಂಡು ಮರುದಿನದ ರೈಲಿಗೆ ಅವರ ಬಳಿಗೆ ಹೋದೆ. ಅವರು ಪಿಚ್ ಗೇಜಿನ ಹಲ್ಲುಗಳನ್ನು ಬೋಲ್ಟ್‌ಗೆ ಕೂರಿಸಿ ಕಿಟಕಿಯ ಬೆಳಕಿಗೆ ಹಿಡಿದರು. "ನೋಡವ್ವಾ, ನಮ್ಮಣ್ಣನ ಬೋಲ್ಟ್‌ಗೆ ಇಂಚಿಗೆ ಹನ್ನೆರಡು ಸುತ್ತು. ಅಂಗಡಿಯದಕ್ಕೆ ಹದಿಮೂರು. ದಪ್ಪ ಒಂದೇ, ಮನೆತನ ಬೇರೆ" ಎಂದರು.

ಹಳೆಯ ಯಂತ್ರಗಳನ್ನು ಇಟ್ಟುಕೊಂಡವರೆಲ್ಲ ಇದನ್ನು ಮೊದಲು ತಿಳಿದಿರಬೇಕು. ಹನ್ನೆರಡು ಸುತ್ತಿನದು ವಿಟ್‌ವರ್ತ್ ಥ್ರೆಡ್. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಅಳತೆ ಅದು. ಹಲ್ಲಿನ ಕೋನ 55 ಡಿಗ್ರಿ, ತುದಿಯೂ ಬುಡವೂ ದುಂಡು. ಹದಿಮೂರು ಸುತ್ತಿನದು ಅಮೆರಿಕದ ಒರಟು ಥ್ರೆಡ್, ಕೋನ 60 ಡಿಗ್ರಿ. ಕಾಲು ಇಂಚು, ಮೂರು ಸೂತು, ಐದು ಸೂತು, ಮುಕ್ಕಾಲು ಇಂಚು, ಒಂದು ಇಂಚು ಇವುಗಳಲ್ಲಿ ಎರಡೂ ಪದ್ಧತಿಯ ಸುತ್ತುಗಳ ಲೆಕ್ಕ ಒಂದೇ ಆಗಿರುವುದರಿಂದ ಒಂದರ ನಟ್ ಇನ್ನೊಂದರ ಬೋಲ್ಟ್‌ಗೆ ಹೇಗೋ ಹೊಂದಿಕೊಳ್ಳುತ್ತದೆ. ಅರ್ಧ ಇಂಚಿನಲ್ಲಿ ಮಾತ್ರ ಕೈಕೊಡುತ್ತದೆ. ನಮ್ಮ ಟ್ರೆಡಲ್‌ನ ದುರ್ದೈವಕ್ಕೆ ಅದರ ನಾಲ್ಕೂ ಬೋಲ್ಟ್‌ಗಳು ಅರ್ಧ ಇಂಚಿನವು.

"ಒಂದನ್ನು ನಾನು ಮಾಡಿಕೊಡುತ್ತೇನೆ. ಉಳಿದ ಮೂರು ಸವೆದಾಗ ನಾನು ಇರುತ್ತೇನೋ ಇಲ್ಲವೋ, ನೀನೇ ಕಲಿ" ಎಂದರು ಕಾಕಾ. ಹಾಗೆ ನಮ್ಮ ಕಾಗದದ ಕೋಣೆಯ ಮೂಲೆಗೆ ಒಂದು ಸಣ್ಣ ಲೇಥ್ ಬಂದಿತು. ಏಳು ಇಂಚು ವ್ಯಾಸದ ವಸ್ತು ತಿರುಗಬಲ್ಲದು, ಎರಡು ಸೆಂಟರ್‌ಗಳ ನಡುವೆ ಹದಿನಾಲ್ಕು ಇಂಚು. ಲೀಡ್ ಸ್ಕ್ರೂವಿನ, ಅಂದರೆ ಟೂಲನ್ನು ಸರಿಸುವ ಉದ್ದ ತಿರುಪಿನ, ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ದೂರ) 1.5 ಮಿ.ಮೀ. ಇಂಥದೇ ಲೇಥ್ ಮನೆಯಲ್ಲಿಟ್ಟುಕೊಂಡು, ಟರ್ನಿಂಗ್ ಕಲಿತು, ಥ್ರೆಡ್ ಎಂದೊಡನೆ ಅಂಜಿ ಡೈ (ಕೈಯಿಂದ ಥ್ರೆಡ್ ಕೊರೆಯುವ ಉಪಕರಣ) ಹಿಡಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಗದಗಿನವರಿಗೆ ಲೇಥ್ ಹೊಸದಲ್ಲ. ಲಕ್ಕುಂಡಿಯ ಗುಡಿಗಳಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳಿವೆ. ಕನ್ನಡಿಯಂತೆ ಹೊಳೆಯುವ ಆ ಕಂಬಗಳ ಬಳೆಗಳ ಮೇಲೆ ಬೆರಳಾಡಿಸಿ ನೋಡಿ. ಒಂದೊಂದು ಗೆರೆಯೂ ಹೊರಟ ಜಾಗಕ್ಕೇ ಬಂದು ಮುಚ್ಚಿಕೊಳ್ಳುತ್ತದೆ. ಕಲ್ಲು ತಿರುಗುತ್ತಿತ್ತು, ಉಳಿ ಒಂದೆಡೆ ನಿಂತಿತ್ತು. ಉಳಿಯೂ ಕಲ್ಲಿನ ಪ್ರತಿ ಸುತ್ತಿಗೆ ಇಷ್ಟೇ ಎಂದು ತಪ್ಪದೆ ಸರಿದಿದ್ದರೆ ಅದೇ ಬಳೆ ಸುರುಳಿಯಾಗುತ್ತಿತ್ತು. ಹಾಗೆ ಸರಿಸುವ ಕೆಲಸ ಲೀಡ್ ಸ್ಕ್ರೂವಿನದು. ಲಂಡನ್ನಿನ ಹೆನ್ರಿ ಮಾಡ್ಸ್ಲೆ 1800ರ ಆಸುಪಾಸಿನಲ್ಲಿ ಲೀಡ್ ಸ್ಕ್ರೂ, ಸ್ಲೈಡ್, ಚೇಂಜ್ ಗೇರ್ ಮೂರನ್ನೂ ಒಂದೇ ಲೇಥ್‌ನಲ್ಲಿ ಕೂಡಿಸಿದ. ವಿಟ್‌ವರ್ತ್ ಮುಂದೆ ಅವನ ಕಾರ್ಖಾನೆಯಲ್ಲೇ ಕೆಲಸ ಕಲಿತವನು.

ಥ್ರೆಡ್ ಒಂದೇ ಸಲಕ್ಕೆ ಆಗುವುದಿಲ್ಲ. ಹದಿನೈದಿಪ್ಪತ್ತು ಸಲ ಟೂಲ್ ಅದೇ ಗಾಡಿಯ ಜಾಡಿನಲ್ಲಿ ಹೋಗಬೇಕು, ಪ್ರತಿ ಸಲವೂ ಹಿಂದಕ್ಕೆ ಬಂದು ಮತ್ತೆ ಅದೇ ಜಾಡು ಹಿಡಿಯಬೇಕು. ಕತ್ತರಿಸುವುದನ್ನು ಲೇಥ್ ಮಾಡುತ್ತದೆ. ಹಿಂದಿರುಗಿ ಬರುವುದನ್ನು ನೀವು ಕಲಿಯಬೇಕು. ನಾನು ಕೆಡಿಸಿದ ಬೋಲ್ಟ್‌ಗಳಲ್ಲಿ ಹೆಚ್ಚಿನವು ಹಿಂದಿರುಗುವ ದಾರಿಯಲ್ಲಿ ಕೆಟ್ಟವು.

ಮೊದಲು, ಸ್ಪಿಂಡಲ್‌ಗೂ (ಸರಳನ್ನು ತಿರುಗಿಸುವ ಅಕ್ಷ) ಲೀಡ್ ಸ್ಕ್ರೂವಿಗೂ ನಡುವಿನ ಗೇರ್. ಲೆಕ್ಕ ಸರಳ: ಬೇಕಾದ ಪಿಚ್ಚನ್ನು ಲೀಡ್ ಸ್ಕ್ರೂವಿನ ಪಿಚ್ಚಿನಿಂದ ಭಾಗಿಸಿ. ಬರುವ ಭಿನ್ನರಾಶಿಯ ಮೇಲಿನ ಅಂಕಿ ಓಡಿಸುವ ಗೇರ್, ಕೆಳಗಿನದು ಓಡುವ ಗೇರ್. ಇಂಚಿಗೆ 12 ಸುತ್ತು ಎಂದರೆ ಪಿಚ್ 25.4 ಭಾಗಿಸು 12, ಅಂದರೆ 2.117 ಮಿ.ಮೀ. ಅದನ್ನು 1.5ರಿಂದ ಭಾಗಿಸಿದರೆ 127/90. ಇಂಚನ್ನೂ ಮಿಲಿಮೀಟರನ್ನೂ ನಿಖರವಾಗಿ ಬೆಸೆಯಲು 127 ಹಲ್ಲಿನ ಗೇರ್ ಬೇಕಾಗುವುದು 25.4ನ್ನು ಐದರಿಂದ ಗುಣಿಸಿದರೆ 127 ಆಗುವುದರಿಂದ. ಅದು ಅವಿಭಾಜ್ಯ ಸಂಖ್ಯೆ. ಒಡೆದು ಚಿಕ್ಕದು ಮಾಡಲಾಗದು. ನನ್ನ ಲೇಥ್‌ನಲ್ಲಿ ಅಷ್ಟು ದೊಡ್ಡ ಗೇರ್‌ಗೆ ಜಾಗವಿಲ್ಲ. ಅದಕ್ಕೆ ಕಾಕಾ ಹೇಳಿಕೊಟ್ಟ ಉಪಾಯ 63 ಹಲ್ಲಿನ ಗೇರ್. 127/100ರ ಬದಲು 80/63 ಹಾಕಿದರೆ ವ್ಯತ್ಯಾಸ ಹತ್ತು ಸಾವಿರಕ್ಕೆ ಒಂದೂಕಾಲು ಪಾಲು ಮಾತ್ರ. ಹಾಗಾಗಿ ನನ್ನ ಜೋಡಣೆ ಹೀಗೆ: 80ರ ಗೇರ್ 63ನ್ನು ಓಡಿಸುತ್ತದೆ, 63ರ ಜೊತೆ ಒಂದೇ ಗೂಟದ ಮೇಲೆ ಕೂತ 50ರ ಗೇರ್ ಲೀಡ್ ಸ್ಕ್ರೂವಿನ 45ನ್ನು ಓಡಿಸುತ್ತದೆ. ಒಂದು ಇಂಚು ಉದ್ದದ ಥ್ರೆಡ್‌ನಲ್ಲಿ ತಪ್ಪು ಸುಮಾರು ಮೂರು ಮೈಕ್ರಾನ್. ಟ್ರೆಡಲ್ ಅದನ್ನು ಗಮನಿಸುವುದೂ ಇಲ್ಲ. ಕಿಟ್ಟಿನಲ್ಲಿ 63 ಇರಲಿಲ್ಲ, ಹುಬ್ಬಳ್ಳಿಯಲ್ಲಿ ಬೇರೆಯಾಗಿ ಕತ್ತರಿಸಿಕೊಂಡೆ. ನಿಮ್ಮ ಲೇಥ್‌ನ ಸ್ಪಿಂಡಲ್‌ನಿಂದ ಮೊದಲ ಗೇರಿನವರೆಗೆ ಒಂದಕ್ಕೊಂದು ಸುತ್ತು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಆ ಅನುಪಾತವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಗೇರ್ ಬದಲಿಸುವ ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಿ. ಎರಡು ಗೇರ್‌ಗಳ ಹಲ್ಲುಗಳ ನಡುವೆ ಎಷ್ಟು ಸಡಿಲ ಬಿಡಬೇಕೆಂಬುದಕ್ಕೆ ಮುದ್ರಣಾಲಯದವಳಾದ ನನಗೆ ಅಳತೆ ಕೈಯಲ್ಲೇ ಇದೆ. 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದ ಪಟ್ಟಿಯನ್ನು ಹಲ್ಲುಗಳ ನಡುವೆ ಇಟ್ಟು, ಗೇರ್‌ಗಳನ್ನು ಒತ್ತಿ, ಬಿಗಿ ಮಾಡಿ, ಆಮೇಲೆ ತಿರುಗಿಸಿ ಪಟ್ಟಿಯನ್ನು ಹೊರತೆಗೆಯುತ್ತೇನೆ. ಕಾಗದ ಹರಿಯದೆ, ಹಲ್ಲಿನ ಗುರುತು ಮಾತ್ರ ಬಿದ್ದು ಬಂದರೆ ಸರಿ ಇದೆ ಎಂದರ್ಥ.

ಇನ್ನು ಟೂಲ್. ಇಡೀ ಕೆಲಸದ ಮುಕ್ಕಾಲು ಪಾಲು ಇಲ್ಲಿದೆ ಎಂದು ನಾನು ನಂಬುತ್ತೇನೆ, ಅದಕ್ಕೆ ಅವಸರ ಮಾಡಬೇಡಿ. ಎಂಟು ಮಿ.ಮೀ. ಚೌಕದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಸಾಕು. ಕಾರ್ಬೈಡ್ ತುದಿ ಸಣ್ಣ ಲೇಥ್‌ನ ನಿಧಾನ ವೇಗಕ್ಕೆ ಒಗ್ಗುವುದಿಲ್ಲ, ಹಿಂದಿರುಗುವಾಗ ಸ್ವಲ್ಪ ತಗುಲಿದರೂ ಸಿಡಿಯುತ್ತದೆ. ಸಾಣೆಗಲ್ಲಿಗೆ ಹಿಡಿದು ಎರಡೂ ಬದಿಯನ್ನು ಸಮನಾಗಿ ಸವೆಸುತ್ತ 55 ಡಿಗ್ರಿಯ ತುದಿ ತನ್ನಿ. ಬಿಸಿಯಾಗುತ್ತಿದ್ದಂತೆ ನೀರಿಗೆ ಅದ್ದಿ. 55ರ ಗೇಜಿನ ಕಚ್ಚಿನಲ್ಲಿ ತುದಿಯನ್ನು ಕೂರಿಸಿ, ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ಎರಡು ಬದಿಯಲ್ಲೂ ಬೆಳಕಿನ ಎಳೆ ಕಾಣಬಾರದು. ಟೂಲಿನ ಮೇಲ್ಮೈ ಸಪಾಟಾಗಿರಲಿ. ಟರ್ನಿಂಗ್ ಟೂಲಿನಂತೆ ಮೇಲೆ ಇಳಿಜಾರು ಕೊಟ್ಟರೆ ಥ್ರೆಡ್‌ನ ಕೋನವೇ ಬದಲಾಗುತ್ತದೆ.

ಬದಿಗಳ ಕೆಳಭಾಗ ಒಳಕ್ಕೆ ಜಾರಿರಬೇಕು, ಆದರೆ ಎರಡು ಬದಿಯೂ ಒಂದೇ ಸಮನಲ್ಲ. ಥ್ರೆಡ್ ಓರೆಯಾಗಿ ಏರುವುದರಿಂದ ಟೂಲಿನ ಎಡಬದಿ, ಅಂದರೆ ಚಕ್ (ಸರಳನ್ನು ಕಚ್ಚಿ ಹಿಡಿಯುವ ಭಾಗ) ಕಡೆಯ ಬದಿ, ಲೋಹಕ್ಕೆ ಉಜ್ಜುವ ಅಪಾಯ ಹೆಚ್ಚು. ಅರ್ಧ ಇಂಚಿನ ಈ ಥ್ರೆಡ್‌ನ ಓರೆ ಸುಮಾರು ಮೂರೂವರೆ ಡಿಗ್ರಿ. ಅದಕ್ಕೆ ಇನ್ನೊಂದೈದು ಡಿಗ್ರಿ ಸೇರಿಸಿ ಎಡಬದಿಗೆ ಎಂಟು ಒಂಬತ್ತು ಡಿಗ್ರಿ ಜಾರು ಕೊಡುತ್ತೇನೆ. ಬಲಬದಿಗೆ ನಾಲ್ಕು ಸಾಕು. ವರ್ಷಗಟ್ಟಲೆ ನನ್ನ ಥ್ರೆಡ್‌ಗಳ ಒಂದು ಮುಖ ನುಣುಪಾಗಿ, ಇನ್ನೊಂದು ಹರಿದಂತೆ ಬರುತ್ತಿತ್ತು. ಎಣ್ಣೆ ಬದಲಿಸಿದೆ, ಕಬ್ಬಿಣ ಬದಲಿಸಿದೆ. ಕೊನೆಗೆ ಕಾಕಾ ಟೂಲನ್ನು ಕೈಯಲ್ಲಿ ತಿರುಗಿಸಿ ನೋಡಿ, ಎಡಬದಿಯ ಕೆಳಗೆ ಉಜ್ಜಿ ಹೊಳೆಯುತ್ತಿದ್ದ ಜಾಗವನ್ನು ಉಗುರಿನಿಂದ ತೋರಿಸಿದರು. ಅದು ಕತ್ತರಿಸುತ್ತಿರಲಿಲ್ಲ, ತೀಡುತ್ತಿತ್ತು.

ವಿಟ್‌ವರ್ತ್ ಹಲ್ಲಿನ ಬುಡ ದುಂಡಗಿರಬೇಕಲ್ಲ, ಅದಕ್ಕೆ ಟೂಲಿನ ತುದಿಯನ್ನು ಎಣ್ಣೆಗಲ್ಲಿನ ಮೇಲೆ ಮೆಲ್ಲಗೆ ಉರುಳಿಸಿ ದುಂಡು ಮಾಡಬೇಕು. ತ್ರಿಜ್ಯ ಪಿಚ್‌ನ 0.137 ಪಾಲು; ನಮ್ಮ ಪಿಚ್ಚಿಗೆ 0.29 ಮಿ.ಮೀ. ತ್ರಿಜ್ಯದ ಗೇಜಿಲ್ಲದವರು ಹಳೆಯ ಬೋಲ್ಟ್‌ನ ಸವೆಯದ ಭಾಗಕ್ಕೇ ಟೂಲಿನ ತುದಿಯನ್ನು ಇಟ್ಟು ಮಸೂರದಲ್ಲಿ ನೋಡಬಹುದು. ಮೊನಚಾಗಿಯೇ ಬಿಟ್ಟರೆ ಬೋಲ್ಟ್ ಆಗುತ್ತದೆ, ಆದರೆ ಚೂಪಾದ ಬುಡದಿಂದ ಬಿರುಕು ಹೊರಡುತ್ತದೆ. ನಿಮಿಷಕ್ಕೆ ಇಪ್ಪತ್ತು ಸಲ ಪೆಟ್ಟು ತಿನ್ನುವ ಬೋಲ್ಟ್‌ಗೆ ಅದು ತಕ್ಕದ್ದಲ್ಲ.

ಕಬ್ಬಿಣದ ಆಯ್ಕೆಯನ್ನು ಬೇಗ ಮುಗಿಸುತ್ತೇನೆ. ಕಲಿಯಲು ಇಎನ್1ಎ ದರ್ಜೆಯ ಉಕ್ಕು ತನ್ನಿ, ಬೆಣ್ಣೆಯಂತೆ ಕಡಿಯುತ್ತದೆ. ಟ್ರೆಡಲ್‌ಗೆ ನಾನು ಇಎನ್8 ಬಳಸಿದೆ. ಸಾಮಾನ್ಯ ಎಂ.ಎಸ್. (ಮೈಲ್ಡ್ ಸ್ಟೀಲ್) ಸರಳು ಅಗ್ಗ, ಆದರೆ ಥ್ರೆಡ್ ಹರಿದು ಬರುತ್ತದೆ. ಕಲಿಯುವವರು ಅದರ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ಕುಗ್ಗುತ್ತಾರೆ.

ಸರಳಿನ ಒಂದು ತುದಿಯನ್ನು ಚಕ್ಕಿನಲ್ಲಿ ಹಿಡಿದು, ಇನ್ನೊಂದು ತುದಿಗೆ ಸೆಂಟರ್ ಡ್ರಿಲ್ ಹಾಕಿ, ಟೇಲ್‌ಸ್ಟಾಕಿನ, ಅಂದರೆ ಲೇಥ್‌ನ ಬಲತುದಿಯ ಆಧಾರದ, ಮೊನಚು ಸೆಂಟರ್ ಆಸರೆ ಕೊಡಿ. ಸಣ್ಣ ಲೇಥ್‌ನಲ್ಲಿ ಈ ಆಸರೆ ಬೇಕೇ ಬೇಕು. ಥ್ರೆಡ್ ಬರಬೇಕಾದ ಭಾಗವನ್ನು 12.65 ಮಿ.ಮೀ.ಗೆ ಟರ್ನ್ ಮಾಡಿ. ಪೂರ್ಣ ಅಳತೆ 12.7, ಕತ್ತರಿಸುವಾಗ ಹಲ್ಲಿನ ತುದಿ ಸ್ವಲ್ಪ ಉಬ್ಬುವುದರಿಂದ ಆ ಕೂದಲೆಳೆಯನ್ನು ಮೊದಲೇ ತೆಗೆಯುತ್ತೇನೆ. ತುದಿಗೆ 45 ಡಿಗ್ರಿಯ ಓರೆ ಕೊಡಿ. ಥ್ರೆಡ್ ಮುಗಿಯುವ ಜಾಗದಲ್ಲಿ ಐದು ಮಿ.ಮೀ. ಅಗಲದ ಕಾಲುವೆಯನ್ನು 9.8 ಮಿ.ಮೀ. ವ್ಯಾಸಕ್ಕೆ ಇಳಿಸಿ. ಥ್ರೆಡ್‌ನ ಬುಡದ ವ್ಯಾಸ ಸುಮಾರು ಹತ್ತು ಮಿ.ಮೀ. ಆಗುವುದರಿಂದ ಕಾಲುವೆ ಅದಕ್ಕಿಂತ ತುಸು ಆಳವಿದ್ದರೆ ಟೂಲ್ ಅಲ್ಲಿಗೆ ಬಂದಾಗ ಗಾಳಿಯಲ್ಲಿ ನಿಂತಿರುತ್ತದೆ.

ಟೂಲಿನ ತುದಿ ಸರಳಿನ ನಡುಮಟ್ಟಕ್ಕೆ ಸರಿಯಾಗಿ ಇರಬೇಕು. ಸರಳಿಗೂ ಟೂಲಿನ ತುದಿಗೂ ನಡುವೆ ತೆಳುವಾದ ಉಕ್ಕಿನ ಸ್ಕೇಲ್ ಇಟ್ಟು ಮೆಲ್ಲಗೆ ಒತ್ತಿ. ಸ್ಕೇಲ್ ನೆಟ್ಟಗೆ ನಿಂತರೆ ಮಟ್ಟ ಸರಿ. ಮೇಲ್ತುದಿ ನಿಮ್ಮತ್ತ ವಾಲಿದರೆ ಟೂಲ್ ಕೆಳಗಿದೆ, ಸರಳಿನತ್ತ ವಾಲಿದರೆ ಮೇಲಿದೆ. ಆಮೇಲೆ ಗೇಜಿನ ಬೆನ್ನನ್ನು ಸರಳಿಗೆ ಆನಿಸಿ, ಅದರ ಕಚ್ಚಿನಲ್ಲಿ ಟೂಲ್ ನೇರವಾಗಿ ಕೂರುವಂತೆ ತಿರುಗಿಸಿ ಬಿಗಿ ಮಾಡಿ. ಟೂಲ್ ಓರೆಯಾಗಿ ಕೂತರೆ ಗಾಳಿಗೆ ಬಾಗಿದ ಜೋಳದ ತೆನೆಗಳಂತೆ ಎಲ್ಲ ಹಲ್ಲುಗಳೂ ಒಂದೇ ಕಡೆಗೆ ವಾಲುತ್ತವೆ, ನಟ್ ಹಿಡಿಯುತ್ತದೆ.

ಕಾಂಪೌಂಡ್ ಸ್ಲೈಡನ್ನು (ಟೂಲ್ ಹೊತ್ತ, ಬೇಕಾದ ಕೋನಕ್ಕೆ ತಿರುಗುವ ಮೇಲಿನ ಜಾರುಹಲಗೆ) ಓರೆಯಾಗಿ ತಿರುಗಿಸುವುದು ಏಕೆ ಎಂದು ಎಲ್ಲರೂ ಕೇಳುತ್ತಾರೆ. ಟೂಲನ್ನು ನೇರವಾಗಿ ಒಳಕ್ಕೆ ದೂಡಿದರೆ ಎರಡೂ ಬದಿ ಏಕಕಾಲಕ್ಕೆ ಕತ್ತರಿಸುತ್ತದೆ. ಎರಡು ಕಡೆಯ ಚೂರು ನಡುವೆ ಬಂದು ತುರುಕಿಕೊಳ್ಳುತ್ತದೆ, ಹಗುರವಾದ ಲೇಥ್ ನಡುಗುತ್ತದೆ. ಹಲ್ಲಿನ ಕೋನದ ಅರ್ಧಕ್ಕಿಂತ ಒಂದೆಳೆ ಕಡಿಮೆ ಓರೆಯಲ್ಲಿ ದೂಡಿದರೆ ಎಡಬದಿಯೊಂದೇ ಕತ್ತರಿಸುತ್ತದೆ, ಬಲಬದಿ ಸವರುತ್ತ ಹೋಗುತ್ತದೆ. 55 ಡಿಗ್ರಿಗೆ 27, ಮೆಟ್ರಿಕ್‌ನ 60 ಡಿಗ್ರಿಗೆ 29 ಮುಕ್ಕಾಲಿನವರೆಗೆ, ನಾನು 29.5ಕ್ಕೇ ನಿಲ್ಲುತ್ತೇನೆ. ಈ ಅಳತೆ ಕ್ರಾಸ್ ಸ್ಲೈಡಿನ, ಅಂದರೆ ಟೂಲನ್ನು ಸರಳಿಗೆ ಅಡ್ಡಲಾಗಿ ಒಳಗೆ ಹೊರಗೆ ಸರಿಸುವ ಜಾರುಹಲಗೆಯ, ದಿಕ್ಕಿನಿಂದ. ಕೆಲವು ಲೇಥ್‌ಗಳ ಡಿಗ್ರಿ ಗೆರೆಗಳಲ್ಲಿ ಸೊನ್ನೆ ಇರುವುದು ಬೆಡ್ಡಿನ ಉದ್ದದ ದಿಕ್ಕಿನಲ್ಲಿ; ಅಲ್ಲಿ 27ರ ಬದಲು 63 ಓದಬೇಕು. ಹಿಡಿಕೆ ಟೇಲ್‌ಸ್ಟಾಕಿನ ಕಡೆಗೆ ವಾಲಿದ್ದರೆ ಸರಿಯಾದ ಬದಿಗೆ ತಿರುಗಿಸಿದ್ದೀರಿ.

ಆಳದ ಲೆಕ್ಕ: ವಿಟ್‌ವರ್ತ್‌ಗೆ ಪಿಚ್ಚನ್ನು 0.6403ರಿಂದ ಗುಣಿಸಿ. ನಮಗೆ 1.355 ಮಿ.ಮೀ. ಕಾಂಪೌಂಡ್ ಓರೆಯಾಗಿ ಸಾಗುವುದರಿಂದ ಅದರ ದಾರಿ ಉದ್ದ. 27 ಡಿಗ್ರಿಯ ಕೊಸೈನ್‌ನಿಂದ ಭಾಗಿಸಿದರೆ 1.52. ಈ ಎರಡು ಅಂಕಿಗಳನ್ನು ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ. ಮೆಟ್ರಿಕ್ ಹೊರ ಥ್ರೆಡ್‌ಗಾದರೆ ಗುಣಿಸುವ ಅಂಕಿ 0.613. ನಿಮ್ಮ ಲೇಥ್‌ನ ಡಯಲ್ ತ್ರಿಜ್ಯ ತೋರಿಸುತ್ತದೆಯೋ ವ್ಯಾಸ ತೋರಿಸುತ್ತದೆಯೋ ಎಂದು ಮೊದಲೇ ಪರೀಕ್ಷಿಸಿ. ಇದನ್ನು ನೋಡದೆ ಅರ್ಧ ಆಳದಲ್ಲೇ ನಿಂತವರನ್ನೂ, ಎರಡರಷ್ಟು ಕೊರೆದವರನ್ನೂ ನೋಡಿದ್ದೇನೆ.

ಲೇಥ್ ಮುಂದೆ ನಿಲ್ಲುವ ಮೊದಲು ನಾನು ಬಳೆ ತೆಗೆದು ಅಪ್ಪನ ಹಳೆಯ ಮೊಳೆಪೆಟ್ಟಿಗೆಯ ಒಂದು ಖಾನೆಯಲ್ಲಿಡುತ್ತೇನೆ. ಕೂದಲು ಕಟ್ಟಿ, ಸೀರೆಯಿದ್ದರೆ ಬದಲಿಸಿ, ದುಪಟ್ಟಾ ಇಲ್ಲದ ಬಟ್ಟೆ ಹಾಕಿಕೊಳ್ಳುತ್ತೇನೆ. ಕೈಗವಸು ಬೇಡವೇ ಬೇಡ, ತಿರುಗುವ ಯಂತ್ರ ಅದನ್ನು ಬೆರಳಿನ ಸಮೇತ ಸೆಳೆದುಕೊಳ್ಳುತ್ತದೆ. ಥ್ರೆಡ್‌ನಿಂದ ಬರುವ ಚೂರು ಕೂದಲಿನಂತೆ ಸಣ್ಣಗೆ ಸುತ್ತಿಕೊಳ್ಳುತ್ತದೆ. ಯಂತ್ರ ನಿಲ್ಲಿಸಿ ಬ್ರಶ್ಶಿನಿಂದ ತೆಗೆಯಿರಿ.

ಈಗ ಮೊದಲ ಗೀರು. ಸರಳಿಗೆ ಮಾರ್ಕರ್ ಪೆನ್ನಿನ ನೀಲಿ ಬಳಿಯಿರಿ. ಟೂಲ್ ಮೈಗೆ ತಗುಲಿದೊಡನೆ ಕ್ರಾಸ್ ಸ್ಲೈಡ್, ಕಾಂಪೌಂಡ್ ಎರಡರ ಡಯಲ್ಲನ್ನೂ ಸೊನ್ನೆಗೆ ತನ್ನಿ. ಟೂಲನ್ನು ಸರಳಿನ ತುದಿಯಿಂದ ಆಚೆಗೆ ಒಯ್ದು, ಹಾಫ್ ನಟ್ (ಟೂಲಿನ ಗಾಡಿಯನ್ನು ಲೀಡ್ ಸ್ಕ್ರೂವಿಗೆ ಸೇರಿಸುವ, ತೆರೆದು ಮುಚ್ಚುವ ನಟ್) ಹಾಕಿ, ಕಾಂಪೌಂಡ್ 0.05 ಮುಂದೆ ತಂದು ಒಂದು ಸಲ ಓಡಿಸಿ. ನೀಲಿಯ ಮೇಲೆ ಹೊಳೆಯುವ ಎಳೆ ಮೂಡುತ್ತದೆ. ನಿಲ್ಲಿಸಿ, ಸ್ಕೇಲ್ ಇಟ್ಟು ಇಂಚಿಗೆ ಹನ್ನೆರಡು ಇವೆಯೇ ಎಣಿಸಿ. ಹಳೆಯ ಬೋಲ್ಟನ್ನೂ ಪಕ್ಕಕ್ಕೆ ಹಿಡಿಯಿರಿ. ಗೇರ್‌ನ ತಪ್ಪು ಈಗ ಸಿಕ್ಕರೆ ಒಂದು ಗೀರಿನಲ್ಲಿ ಮುಗಿಯುತ್ತದೆ.

ವೇಗದ ಬಗ್ಗೆ: ನಿಮಿಷಕ್ಕೆ 60 ಸುತ್ತಿನಲ್ಲಿ ಈ ಪಿಚ್ಚಿಗೆ ಟೂಲ್ ಸೆಕೆಂಡಿಗೆ ಎರಡು ಮಿ.ಮೀ. ಸರಿಯುತ್ತದೆ. 300 ಸುತ್ತಾದರೆ ಹತ್ತು ಮಿ.ಮೀ. ಐದು ಮಿ.ಮೀ. ಕಾಲುವೆಯನ್ನು ದಾಟಿ ಬೋಲ್ಟ್‌ನ ತಲೆಗೆ ಬಡಿಯಲು ಅರ್ಧ ಸೆಕೆಂಡು. ನಿಧಾನ ಮಾಡಿದರೆ ಸಣ್ಣ ಲೇಥ್‌ನ ಮೋಟಾರಿಗೆ ಕಸುವು ಸಾಲದೆ ನಿಂತುಬಿಡುತ್ತದೆ. ಈ ಇಕ್ಕಟ್ಟಿಗೆ ಉತ್ತರ ಕೈಹಿಡಿಕೆ.

ಸ್ಪಿಂಡಲ್‌ನ ಹಿಂದಿನ ರಂಧ್ರದೊಳಗೆ ಸರಿಯಾಗಿ ಜಾರುವ ಸರಳೊಂದನ್ನು ಟರ್ನ್ ಮಾಡಿ, ಉದ್ದಕ್ಕೂ ತೂತು ಕೊರೆದು, ಒಳತುದಿಯನ್ನು ಗರಗಸದಿಂದ ನಾಲ್ಕು ಸೀಳು ಮಾಡಿ. ಆ ತುದಿಗೆ ಶಂಕುವಿನಾಕಾರದ ನಟ್ ಕೊಟ್ಟು ಉದ್ದ ಬೋಲ್ಟ್‌ನಿಂದ ಎಳೆದರೆ ಸೀಳುಗಳು ಅರಳಿ ಸ್ಪಿಂಡಲನ್ನು ಒಳಗಿನಿಂದ ಹಿಡಿಯುತ್ತವೆ. ಹೊರತುದಿಗೆ ಬೀಸುವ ಕಲ್ಲಿನ ಗೂಟದಂಥ ಹಿಡಿ. ಇದನ್ನು ಹಾಕಿದಾಗ ಪ್ಲಗ್ ಗೋಡೆಯಲ್ಲಿ ಇರಲೇಬಾರದು. ಹಿಡಿಕೆ ಸಮೇತ ಮೋಟಾರ್ ಶುರುವಾದರೆ ಕೈ ಮುರಿಯುತ್ತದೆ. ನಾನು ಈಗ ಎಲ್ಲ ಥ್ರೆಡ್‌ಗಳನ್ನೂ ಕೈಯಿಂದಲೇ ತಿರುಗಿಸುತ್ತೇನೆ. ಎಡಗೈ ಹಿಡಿಕೆಯ ಮೇಲಿರುತ್ತದೆ, ಬಲಗೈ ಕ್ರಾಸ್ ಸ್ಲೈಡಿನ ಮೇಲೆ. ಟೂಲ್ ಮೊಂಡಾದರೆ, ಎಣ್ಣೆ ಆರಿದರೆ, ಎಡಗೈಗೆ ಮೊದಲು ಗೊತ್ತಾಗುತ್ತದೆ. ನಡುವೆ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಇನ್ನು ಒಂದೊಂದೇ ಪಾಸ್. ಮೊದಲ ಮೂರಕ್ಕೆ ಕಾಂಪೌಂಡ್ 0.2ರಂತೆ, ಮುಂದಿನ ಆರಕ್ಕೆ 0.1ರಂತೆ, ಕೊನೆಯ ಆರಕ್ಕೆ 0.05ರಂತೆ. ಹಲ್ಲು ಆಳವಾದಷ್ಟೂ ಟೂಲ್ ಕಚ್ಚುವ ಅಗಲ ಹೆಚ್ಚುವುದರಿಂದ ತುತ್ತು ಚಿಕ್ಕದಾಗಬೇಕು. ಪ್ರತಿ ಪಾಸಿಗೂ ಬ್ರಶ್ಶಿನಿಂದ ಕಟಿಂಗ್ ಆಯಿಲ್ ಹಚ್ಚಿ. ಕೊನೆಯ ಎರಡಕ್ಕೆ ಕಾಕಾ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು, ನಾನೂ ಅದನ್ನೇ ಮಾಡುತ್ತೇನೆ. ಹಿತ್ತಾಳೆಗೆ ಎಣ್ಣೆ ಬೇಡ.

ಪಾಸ್ ಮುಗಿದು ಟೂಲ್ ಕಾಲುವೆಗೆ ಬಂದಿತು. ಇಲ್ಲಿಂದ ಹಿಂದಿರುಗುವ ದಾರಿ. ಮೊದಲು ಕ್ರಾಸ್ ಸ್ಲೈಡನ್ನು ಹೊರಕ್ಕೆ ಎಳೆಯಿರಿ, ಪೂರ್ತಿ ಒಂದು ಸುತ್ತು. ಹಾಫ್ ನಟ್ ಮುಟ್ಟಬೇಡಿ. ಹಿಡಿಕೆಯನ್ನು ಹಿಮ್ಮುಖವಾಗಿ ತಿರುಗಿಸುತ್ತ ಟೂಲನ್ನು ಸರಳಿನ ತುದಿಯಿಂದ ಆರೇಳು ಮಿ.ಮೀ. ಆಚೆಗೆ ತನ್ನಿ. ಗೇರ್‌ಗಳಲ್ಲೂ ಲೀಡ್ ಸ್ಕ್ರೂವಿನಲ್ಲೂ ಇರುವ ಸಡಿಲ ಮುಂದಕ್ಕೆ ಹೊರಟ ಮೊದಲ ಮಿಲಿಮೀಟರ್‌ಗಳಲ್ಲಿ ತುಂಬಿಕೊಳ್ಳಬೇಕು. ಅಷ್ಟರೊಳಗೆ ಟೂಲ್ ಲೋಹ ಮುಟ್ಟಿದರೆ ಮೊದಲ ಸುತ್ತು ದಪ್ಪವೋ ತೆಳುವೋ ಆಗುತ್ತದೆ. ಆಮೇಲೆ ಕ್ರಾಸ್ ಸ್ಲೈಡನ್ನು ಸೊನ್ನೆಗೆ ತಂದು, ಕಾಂಪೌಂಡಿನಲ್ಲಿ ಮುಂದಿನ ತುತ್ತು ಕೊಟ್ಟು, ಮುಂದಕ್ಕೆ ತಿರುಗಿಸಿ. ಹೊರಗೆ, ಹಿಂದೆ, ಸೊನ್ನೆ, ತುತ್ತು, ಮುಂದೆ. ನಾನು ಈ ಐದು ಮಾತನ್ನು ಇಂದಿಗೂ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ.

ಹಾಫ್ ನಟ್ ತೆರೆಯಬಾರದೇಕೆ? ನನ್ನ ಲೀಡ್ ಸ್ಕ್ರೂ ಮಿಲಿಮೀಟರಿನದು, ಥ್ರೆಡ್ ಇಂಚಿನದು. ನಟ್ ತೆರೆದು ಮತ್ತೆ ಹಾಕಿದರೆ ಅದು ಯಾವ ಸುತ್ತಿನಲ್ಲಿ ಕೂರುತ್ತದೆಂದು ಹೇಳಲಾಗದು. ನನ್ನ ಎರಡನೆಯ ಬೋಲ್ಟ್‌ನಲ್ಲಿ, ಟರ್ನಿಂಗ್ ಮಾಡಿ ರೂಢಿಯಾದ ಕೈ ತಾನಾಗಿ ಆ ಹಿಡಿಯನ್ನು ಎತ್ತಿಬಿಟ್ಟಿತು. ಮುಂದಿನ ಪಾಸಿಗೆ ಹಳೆಯ ಸುರುಳಿಯ ನಡುವೆ ಹೊಸ ಸುರುಳಿ ಬಿದ್ದು, ನಾಗರಕಲ್ಲಿನ ಜೋಡಿ ಹಾವುಗಳಂತೆ ಹೆಣೆದುಕೊಂಡಿತು. ಹನ್ನೊಂದು ಪಾಸಿನ ಕೆಲಸ ಹೋಯಿತು. ಆ ಬೋಲ್ಟ್ ಈಗಲೂ ಲೇಥ್‌ನ ಮೇಲಿನ ಹಲಗೆಯಲ್ಲಿದೆ. ಮೆಟ್ರಿಕ್ ಲೀಡ್ ಸ್ಕ್ರೂವಿನಲ್ಲಿ ಅದನ್ನು ನಿಶ್ಶೇಷವಾಗಿ ಭಾಗಿಸುವ ಪಿಚ್ ಕತ್ತರಿಸುವಾಗ, ನನ್ನ 1.5ಕ್ಕಾದರೆ 1.5, 0.75, 0.5 ಇಂಥವುಗಳಿಗೆ, ಎಲ್ಲಿ ಬೇಕಾದರೂ ತೆರೆದು ಹಾಕಬಹುದು. ಇಂಚಿಗೆ ನಾಲ್ಕು ಸುತ್ತಿನ ಲೀಡ್ ಸ್ಕ್ರೂ ಇರುವ ದೊಡ್ಡ ಲೇಥ್‌ನವರು ಇಂಚಿನ ಥ್ರೆಡ್‌ಗೆ ಥ್ರೆಡ್ ಡಯಲ್ ನೋಡಿ ಹಾಕಬಹುದು: ಸಾಮಾನ್ಯವಾಗಿ ಸುತ್ತಿನ ಸಂಖ್ಯೆ ಸಮವಾಗಿದ್ದರೆ ಯಾವ ಗೆರೆಯಾದರೂ ಸರಿ, ಬೆಸವಾಗಿದ್ದರೆ ಅಂಕಿ ಇರುವ ಗೆರೆಯಲ್ಲಿ ಮಾತ್ರ. ಆದರೆ ಅವರೂ ಮೆಟ್ರಿಕ್ ಕತ್ತರಿಸುವಾಗ ನಟ್ ತೆರೆಯುವಂತಿಲ್ಲ. ಮೋಟಾರಿನಿಂದ ಹಿಮ್ಮುಖ ಓಡಿಸುವವರಿಗೆ ಒಂದು ಎಚ್ಚರಿಕೆ: ನಿಮ್ಮ ಚಕ್ ಸ್ಪಿಂಡಲ್‌ಗೆ ಥ್ರೆಡ್‌ನಿಂದ ಕೂತಿದ್ದರೆ ಹಿಮ್ಮುಖದಲ್ಲಿ ಬಿಚ್ಚಿಕೊಂಡು ಉರುಳಬಹುದು. ಬೋಲ್ಟ್‌ಗಳಿಂದ ಬಿಗಿದ ಚಕ್ಕಿಗೆ ಆ ಭಯವಿಲ್ಲ.

ಕಾಂಪೌಂಡ್ 1.45ಕ್ಕೆ ಬಂದಾಗ ನಿಲ್ಲಿಸಿ, ಸಣ್ಣ ಅರದಿಂದ ಹಲ್ಲಿನ ತುದಿಗಳ ಗರಿ ತೆಗೆದು, ಹಿತ್ತಾಳೆ ಬ್ರಶ್ಶಿನಿಂದ ಉಜ್ಜಿ, ಟೇಲ್‌ಸ್ಟಾಕ್ ಸರಿಸಿ ನಟ್ ಹಾಕಿ ನೋಡಿ. ಸರಳನ್ನು ಚಕ್ಕಿನಿಂದ ಬಿಚ್ಚಬೇಡಿ. ನಟ್ ಹೋಗದಿದ್ದರೆ ಮತ್ತೆ 0.03. ಆದರೆ ಅದಕ್ಕೂ ಮೊದಲು ತುತ್ತು ಕೊಡದೆ ಅದೇ ಅಳತೆಯಲ್ಲಿ ಎರಡು ಸಲ ಓಡಿಸಿ. ಬಾಗಿದ್ದ ಸರಳು ನೆಟ್ಟಗಾಗಿ ಉಳಿದ ಚೂರನ್ನು ಬಿಟ್ಟುಕೊಡುತ್ತದೆ. ಎಷ್ಟೋ ಸಲ ಇಷ್ಟರಲ್ಲೇ ನಟ್ ಹೋಗುತ್ತದೆ, ಇದನ್ನು ಮಾಡದೆ ಇನ್ನಷ್ಟು ಕೊರೆದವರ ಬೋಲ್ಟ್ ಗಡಗಡ ಅಲ್ಲಾಡುತ್ತದೆ. ಟ್ರೆಡಲ್‌ಗೆ ಬೇಕಾದದ್ದು ಎರಡು ಬೆರಳಿನಿಂದ ತಿರುಗುವ, ಅಲ್ಲಾಡಿಸಿದರೆ ಸದ್ದು ಬಾರದ ಬಿಗಿ.

ನಡುವೆ ಟೂಲ್ ಮೊಂಡಾದರೆ ಬಿಚ್ಚಿ ಸಾಣೆ ಹಿಡಿಯಲು ಅಂಜಬೇಡಿ. ಮತ್ತೆ ಹಾಕಿ ಗೇಜಿನಿಂದ ನೇರ ಮಾಡಿ. ಹಾಫ್ ನಟ್ ಹಾಕಿದ್ದಂತೆಯೇ, ಟೂಲನ್ನು ಹೊರಗಿಟ್ಟು, ಹಿಡಿಕೆಯನ್ನು ಮುಂದಕ್ಕೇ ತಿರುಗಿಸಿ ಸಡಿಲವೆಲ್ಲ ತುಂಬಿಕೊಳ್ಳಲಿ. ಟೂಲ್ ಥ್ರೆಡ್‌ನ ನಡುಭಾಗಕ್ಕೆ ಬಂದಾಗ ನಿಲ್ಲಿಸಿ, ಕ್ರಾಸ್ ಸ್ಲೈಡ್ ಮತ್ತು ಕಾಂಪೌಂಡ್ ಎರಡನ್ನೂ ಸ್ವಲ್ಪ ಸ್ವಲ್ಪ ಆಡಿಸುತ್ತ ತುದಿಯನ್ನು ಹಳೆಯ ಕಣಿವೆಯ ಬುಡದಲ್ಲಿ ಕೂರಿಸಿ. ಹಿಂದೆ ಬಿಳಿ ಕಾಗದ ಹಿಡಿದರೆ ಸ್ಪಷ್ಟ ಕಾಣುತ್ತದೆ. ಅಲ್ಲಿ ಡಯಲ್‌ಗಳಿಗೆ ಹೊಸ ಸೊನ್ನೆ ಕೊಡಿ. ಇದು ಕೈಗೆ ಹತ್ತಿದರೆ ಪೆಟ್ಟು ತಿಂದ ಹಳೆಯ ಬೋಲ್ಟ್‌ಗಳ ಥ್ರೆಡ್‌ಗಳನ್ನೂ ಸರಿಪಡಿಸಬಹುದು. ಇಟಗಿಯ ಕಡೆಯ ರೈತರೊಬ್ಬರ ರಾಶಿ ಯಂತ್ರದ ಶಾಫ್ಟನ್ನು ನಾನು ಹೀಗೆಯೇ ಉಳಿಸಿಕೊಟ್ಟೆ.

ಒಳಗಿನ ಥ್ರೆಡ್‌ಗೆ ಲೇಥ್‌ನಲ್ಲಿ ತಿಣುಕುವ ಬದಲು, ಈ ಅಳತೆಗೆ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಸಾಕು ಎಂಬುದು ನನ್ನ ಅಭಿಪ್ರಾಯ. ಹೊಸ ತೂತಾದರೆ 10.5ರ ಡ್ರಿಲ್, ಅರ್ಧ ಇಂಚಿನ ಬಿಎಸ್‌ಡಬ್ಲ್ಯು (ಬ್ರಿಟಿಷ್ ಸ್ಟ್ಯಾಂಡರ್ಡ್ ವಿಟ್‌ವರ್ತ್) ಟ್ಯಾಪ್. ಅಂಗಡಿಯಲ್ಲಿ ಕೊಳ್ಳುವಾಗ ಟ್ಯಾಪಿನ ಮೇಲೆ 12 ಎಂದು ಕೊರೆದಿದೆಯೇ ನೋಡಿ, ಬಾಯಿಮಾತು ನಂಬಬೇಡಿ.

ನಮ್ಮ ಟ್ರೆಡಲ್‌ನ ಕೆಟ್ಟ ತೂತಿಗೂ ಅದೇ ಟ್ಯಾಪನ್ನು ಕೈಯಿಂದ ಇಳಿಸಿ, ಮುರಿದ ಸುತ್ತುಗಳ ಚೂರು ತೆಗೆದೆ. ಹೊರಗಿನ ಮೂರು ಸುತ್ತು ಮರಳಿ ಬರುವಂತಿರಲಿಲ್ಲ. ಹಾಗಾಗಿ ಹೊಸ ಬೋಲ್ಟ್‌ನ ಥ್ರೆಡ್ಡನ್ನು ಏಳು ಮಿ.ಮೀ. ಹೆಚ್ಚು ಉದ್ದ ಮಾಡಿ ಒಳಗಿನ ಗಟ್ಟಿ ಸುತ್ತುಗಳನ್ನು ಹಿಡಿಯುವಂತೆ ಮಾಡಿದೆ. ಕಾಕಾ ಮಾಡಿಕೊಟ್ಟದ್ದು ಎಡಗಡೆಯ ಮೇಲಿನ ಮೂಲೆಯಲ್ಲಿದೆ, ಉಳಿದ ಮೂರು ನನ್ನವು. ಪೂರ್ತಿ ಒಂದು ಸುತ್ತು ತಿರುಗಿಸಿದರೆ ಪ್ಲಾಟನ್‌ನ ಮೂಲೆ ಎರಡು ಮಿಲಿಮೀಟರಿಗಿಂತ ಹೆಚ್ಚು ಸರಿಯುತ್ತದೆ, ಅದಕ್ಕೆ ಒತ್ತಡ ಹೊಂದಿಸುವಾಗ ಎಂಟನೆಯ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸುವುದಿಲ್ಲ. ನಾಲ್ಕು ಮೂಲೆಯಲ್ಲೂ ಒಂದೊಂದು ಅಂಕಿ ಇಟ್ಟು ಹಾಳೆ ತೆಗೆದು, ಹಾಳೆಯ ಬೆನ್ನನ್ನು ಬೆರಳಿನಿಂದ ಸವರಿ ನೋಡುತ್ತೇನೆ. ನಾಲ್ಕೂ ಕಡೆ ಉಬ್ಬು ಒಂದೇ ಸಮನಾಗಿ ತಾಕಿದಾಗ ಲಾಕ್ ನಟ್ ಬಿಗಿದು ನಂಬರಿಂಗ್ ಶುರು ಮಾಡುತ್ತೇನೆ.